ಅಭ್ಯಾಸವೂ ಪ್ರತಿಭೆಯೂ

‘ಬೆಳೆಯ ಸಿರಿ ಮೊಳಕೆಯಲ್ಲಿ’ ಎಂಬುದೊಂದು ಗಾದೆ. ‘ಹಾಡುತ್ತ ಹಾಡುತ್ತ ರಾಗ’ ಎಂಬುದು ಮತ್ತೊಂದು. ಮೊದಲನೆಯದು ಹುಟ್ಟುಗುಣವನ್ನೂ ಎರಡನೆಯದು ಅಭ್ಯಾಸವನ್ನೂ ಎತ್ತಿಹಿಡಿಯುತ್ತದೆ. ಕನ್ನಡದ ಮನೆಗಳಲ್ಲಿ ಎರಡೂ ನಡೆಯುವ ಮಾತುಗಳೇ. ಆದರೆ ಮಗುವೊಂದು ಹೊಸ ವಿದ್ಯೆಗೆ ತೊಡಗಿ ತಡವರಿಸಿದಾಗ ಹಿರಿಯರ ಬಾಯಿಗೆ ಬರುವುದು ಮೊದಲನೆಯದೇ. ‘ಇವನಿಗೆ ವಿದ್ಯೆ ತಲೆಗೆ ಹತ್ತದು’ ಎನ್ನಲು ಒಂದು ಕ್ಷಣ ಸಾಕು. ಅನ್ನಿಸಿಕೊಂಡವನು ಅದನ್ನು ಆಯುಷ್ಯವೆಲ್ಲ ಹೊರುತ್ತಾನೆ. ಆದುದರಿಂದ ಇದು ಕೇವಲ ಪಂಡಿತರ ತರ್ಕವಲ್ಲ, ಧರ್ಮಾಧರ್ಮದ ಪ್ರಶ್ನೆ.

ಪ್ರತಿಭಾಪಕ್ಷದವರಿಗೆ ಕನ್ನಡದಲ್ಲಿಯೇ ಬಲವಾದ ಆಧಾರವುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ. ಶ. 850ರಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ಉದ್ದೇಶಪಟ್ಟು ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಕೊಂಡಾಡುತ್ತದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಕಲ್ಲೂರಿನ ಸೀಮೆಯೂ ಆ ನಾಡಿಗೆ ಸೇರಿದುದೇ. ಹಾಗಾದರೆ ಓದು ಬೇಡವೇ? ಬೇಡವಾಗಿದ್ದರೆ ಆ ಗ್ರಂಥವೇ ಬೇಕಿರಲಿಲ್ಲ. ಏಕೆಂದರೆ ದೋಷವಾವುದು, ಗುಣವಾವುದು, ಅಲಂಕಾರವಾವುದು ಎಂಬುದನ್ನು ಕವಿಯಾಗತಕ್ಕವನಿಗೆ ಕಲಿಸಲೆಂದೇ ಅದು ಹುಟ್ಟಿತು. ಆ ಹೊಗಳಿಕೆಯ ತಿರುಳು ‘ಉದ್ದೇಶಪಟ್ಟು’ ಎಂಬಲ್ಲಿದೆ. ಬೀಸುಕಲ್ಲಿನ ಮುಂದೆಯೂ ಹೊಲದ ಬದುವಿನಲ್ಲಿಯೂ ಹಾಡು ಕೇಳುತ್ತ ಬೆಳೆದವರು, ಕಲಿಯುತ್ತಿರುವೆವೆಂಬುದನ್ನು ಅರಿಯದೆಯೇ ಕಲಿತಿರಬೇಕು.

ಎತ್ತಿನ ಕೂರಿಗೆಯಿಂದ ಜೋಳ ಬಿತ್ತುವಲ್ಲಿ ಹೆಣ್ಣುಮಗಳೊಬ್ಬಳು ಹಿಂದೆ ನಡೆಯುತ್ತ ಮುಷ್ಟಿಯಿಂದ ಕಾಳು ಬಿಡುತ್ತಾಳೆ. ಕಾಳು ದಟ್ಟವಾಗದೆ, ತೆಳುವಾಗದೆ, ಸಾಲಿನುದ್ದಕ್ಕೂ ಒಂದೇ ಸಮನಾಗಿ ಬೀಳುತ್ತದೆ. ಕಂಡವರು ಅದನ್ನು ಕೈಗುಣವೆನ್ನುತ್ತಾರೆ. ಆದರೆ ಬಾಲ್ಯದಲ್ಲಿ ಅವಳು ತಾಯಿಯ ಹಿಂದೆ ಎಷ್ಟು ಸಾಲು ನಡೆದಳೆಂಬುದನ್ನು ಲೆಕ್ಕವಿಟ್ಟವರಿಲ್ಲ. ಸಹಜವೆನಿಸುವುದರಲ್ಲಿ ಬಹುಭಾಗವು ನೆನಪಿಗೆ ಮೊದಲೇ ತೊಡಗಿದ ಅಭ್ಯಾಸವೇ.

ಹಾಗೆಂದು ಪ್ರತಿಭೆಯೇ ಇಲ್ಲವೆನ್ನುವುದು ಸತ್ಯವಲ್ಲ. ಒಬ್ಬನೇ ಗುರುವಿನಲ್ಲಿ ಒಂದೇ ಪಾಠವನ್ನು ಕೇಳಿದ ಇಬ್ಬರಲ್ಲಿ ಒಬ್ಬನು ಮುಂದಾಗುವನು. ಶಾಸ್ತ್ರಕಾರರು ಇದನ್ನು ಬಲ್ಲರು. ‘ಕವಿರಾಜಮಾರ್ಗ’ಕ್ಕೆ ಮಾದರಿಯಾದ ‘ಕಾವ್ಯಾದರ್ಶ’ದಲ್ಲಿ ದಂಡಿಯು ಸಹಜಪ್ರತಿಭೆ, ನಿರ್ಮಲವಾದ ಶಾಸ್ತ್ರಜ್ಞಾನ, ಎಡೆಬಿಡದ ಯತ್ನ ಎಂಬ ಮೂರನ್ನು ಹೇಳಿದನು. ಆದರೆ ಅಲ್ಲಿಗೇ ನಿಲ್ಲದೆ, ಪ್ರತಿಭೆಯಿಲ್ಲದಿದ್ದರೂ ಓದಿನಿಂದಲೂ ಯತ್ನದಿಂದಲೂ ಸೇವಿಸಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಅಭಯವಿತ್ತನು. ಮಮ್ಮಟನಾದರೋ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರೂ ಕೂಡಿ ಒಂದೇ ಕಾರಣವೆಂದನು, ಮೂರು ಕಾರಣಗಳೆನ್ನಲಿಲ್ಲ. ಉರಿಯುವ ದೀಪದ ಬೆಳಕಿನಲ್ಲಿ ಎಣ್ಣೆಯ ಪಾಲೆಷ್ಟು, ಬತ್ತಿಯ ಪಾಲೆಷ್ಟು ಎಂದು ಹಂಚಿ ತೋರಿಸಬಲ್ಲವರಾರು?

ಪ್ರತಿಭೆಯುಳ್ಳವನಿಗೂ ಬೇರೊಂದು ವಿಘ್ನವುಂಟು. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಜನಿಸಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಮೊದಲು ಲಘುವಾಗಿ ಕಂಡರೆಂದೂ, ಬಳಿಕ ವ್ಯಾಧಿಯಿಂದ ನೊಂದು ಗೋಪಾಲದಾಸರನ್ನು ಆಶ್ರಯಿಸಿದರೆಂದೂ ಸಂಪ್ರದಾಯವು ಹೇಳುತ್ತದೆ. ಬಲ್ಲವನು ಹೊಸದನ್ನು ಕಲಿಯಲು ಅಡ್ಡ ಬರುವುದು ಬುದ್ಧಿಮಾಂದ್ಯವಲ್ಲ, ಮತ್ತೆ ಶಿಷ್ಯನಾಗಬೇಕೆಂಬ ಲಜ್ಜೆ. ಆ ಲಜ್ಜೆಯನ್ನು ತೊರೆದುದರಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಭಾಮಿನಿ ಷಟ್ಪದಿಯ ‘ಹರಿಕಥಾಮೃತಸಾರ’ವು ಕನ್ನಡಕ್ಕೆ ದೊರೆಯಿತು. ಪ್ರತಿಭೆ ಅವರಲ್ಲಿ ಮೊದಲೇ ಇತ್ತು. ತಲೆಬಾಗಿದ ಮೇಲೆಯೇ ಅದು ಈ ಹಾದಿಯನ್ನು ಹಿಡಿಯಿತು.

ಮೊಳಕೆಯ ಗಾದೆಯನ್ನು ಹೇಳುವವರು ಒಕ್ಕಲಿಗನ ನಡತೆಯನ್ನೂ ನೋಡತಕ್ಕದ್ದು. ಕಲ್ಲೂರಿನ ಎರೆಹೊಲದಲ್ಲಿ ಒಂದು ಸಾಲು ತಡವಾಗಿ ಮೊಳೆತರೆ ಅವನು ಅದನ್ನು ಹರಗಿಬಿಡುವುದಿಲ್ಲ. ಉಳಿದ ಸಾಲುಗಳಂತೆಯೇ ಅದಕ್ಕೂ ಎಡೆ ಹೊಡೆದು, ಕಳೆ ತೆಗೆದು, ಸುಗ್ಗಿಯವರೆಗೆ ಕಾಯುತ್ತಾನೆ. ತೆನೆ ಸಣ್ಣದಾದರೂ ಅದರೊಳಗಿನದು ಕಾಳೇ. ಮಗುವಿನ ಪ್ರತಿಭೆಯ ಅಳತೆ ಯಾರಿಗೂ ಮೊದಲೇ ತಿಳಿಯದು. ಅಭ್ಯಾಸಕ್ಕೆ ಎಡೆಗೊಡುವುದು ಮಾತ್ರ ಹಿರಿಯರ ಕೈಯಲ್ಲಿದೆ. ಕೈಯಲ್ಲಿರುವುದನ್ನು ಮಾಡದೆ, ತಿಳಿಯದುದರ ಮೇಲೆ ತೀರ್ಪು ಕೊಡುವುದು ಅಧರ್ಮ.