ನಮ್ಮನೆ ಗಾಳಿ ಕ್ಲೀನಾಗಿದೆ ಅಂಕಲ್

ಹೋದ ವರ್ಷ ಯುಗಾದಿಗೆ ತಿಂಗಳ ಮುಂಚೆ ನಮ್ಮನೆ ಅಟ್ಟದಲ್ಲಿರೋ ಎಸಿ ಯೂನಿಟ್‌ಗೆ ಯುವಿ ಲೈಟ್ ಹಾಕಿಸಿದೆ. ನಾವಿರೋದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಇಲ್ಲಿ ರೂಮಿಗೊಂದು ಎಸಿ ಇರಲ್ಲ. ಒಂದೇ ಯೂನಿಟ್ ಮನೆ ಗಾಳಿಯನ್ನೆಲ್ಲ ಎಳ್ಕೊಂಡು, ತಣ್ಣಗೋ ಬೆಚ್ಚಗೋ ಮಾಡಿ, ಡಕ್ಟ್‌ಗಳಲ್ಲಿ ಎಲ್ಲ ರೂಮಿಗೂ ತಳ್ಳುತ್ತೆ. ಆ ದಾರಿಯಲ್ಲಿ ಒಂದು ನೇರಳಾತೀತ ದೀಪ ಇಟ್ಟರೆ ಹಾದುಹೋಗುವ ವೈರಸ್, ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಬ್ರೋಷರ್ ಹೇಳ್ತಿತ್ತು. ಮಗಳು ಡೇಕೇರ್‌ನಿಂದ ವಾರಕ್ಕೊಂದು ಶೀತ ತರ್ತಿದ್ದಳು. 600 ಡಾಲರ್ ಕೊಟ್ಟೆ. ಯೂನಿಟ್‌ನ ಪುಟ್ಟ ಕಿಂಡಿಯಲ್ಲಿ ನೀಲಿ ಬೆಳಕು ಕಂಡಾಗ ಏನೋ ನೆಮ್ಮದಿ.

ಯುಗಾದಿ ಕಳೆದ ಶನಿವಾರ ಇಪ್ಪತ್ತು ಜನ ಊಟಕ್ಕೆ ಬಂದರು. ಹಿಂದಿನ ದಿನದಿಂದ ನನಗೆ ಗಂಟಲು ಕೆರೆತ, ಮೈ ಸ್ವಲ್ಪ ಬಿಸಿ. ಹೂರಣ ರುಬ್ಬಿ ಆಗಿತ್ತು, ಕ್ಯಾನ್ಸಲ್ ಮಾಡೋಕೆ ಮನಸ್ಸಾಗಲಿಲ್ಲ. ಯಾರಿಗೂ ಹೇಳಲೂ ಇಲ್ಲ. ದಾವಣಗೆರೆಯಿಂದ ಬಂದಿದ್ದ ಗೆಳೆಯನ ತಂದೆ, 76 ವರ್ಷದವರು, ಮಾಸ್ಕ್ ಹಾಕ್ಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು. ನಾನು ಹೆಮ್ಮೆಯಿಂದ ಹೇಳಿದೆ: "ನಮ್ಮನೆ ಗಾಳಿ ಕ್ಲೀನಾಗಿದೆ ಅಂಕಲ್. ಅದಕ್ಕೇ ಅಂತ ಲೈಟ್ ಹಾಕ್ಸಿದ್ದೀನಿ."

"ಗಾಳಿಗೂ ಲೈಟಾ? ಒಳ್ಳೇದಾಯ್ತು ಬಿಡಪ್ಪ" ಅಂತ ನಕ್ಕು, ಮಾಸ್ಕ್ ಮಡಚಿ ಜೇಬಿಗಿಟ್ಟುಕೊಂಡರು.

ವಾರದೊಳಗೆ ಅವರು ಆಸ್ಪತ್ರೆ ಸೇರಿದರು. ನ್ಯುಮೋನಿಯಾ. ಆರು ದಿನ ಅಲ್ಲಿದ್ದು, ಪುಣ್ಯಕ್ಕೆ, ಹುಷಾರಾಗಿ ಬಂದರು.

ಲೈಟ್ ಕೆಲಸ ಮಾಡುತ್ತೆ ಅಂತ ಖಾತ್ರಿಯಾದರೆ ತಪ್ಪು ನನ್ನದಲ್ಲ ಅಂದ್ಕೊಂಡು ಓದೋಕೆ ಕೂತೆ. ಕೆಲಸ ಮಾಡುತ್ತೆ, ನಿಜ. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನಲ್ಲಿ ರಿಚರ್ಡ್ ರೈಲಿ ಅವರ ತಂಡ ಕ್ಷಯರೋಗಿಗಳ ವಾರ್ಡ್‌ನ ಗಾಳಿಯನ್ನು ಡಕ್ಟ್ ಮೂಲಕ ಗಿನಿಪಿಗ್‌ಗಳಿದ್ದ ಕೋಣೆಗಳಿಗೆ ಬಿಟ್ಟಿತು. ಹಾಗೇ ಬಂದ ಗಾಳಿ ಉಸಿರಾಡಿದವುಗಳಿಗೆ ಸೋಂಕು ತಗುಲಿತು. ಯುವಿ ಬೆಳಕು ದಾಟಿ ಬಂದ ಗಾಳಿ ಉಸಿರಾಡಿದವುಗಳಿಗೆ ತಗುಲಲಿಲ್ಲ. ಓದಿ ಖುಷಿಯಾಯ್ತು. ಆಮೇಲೆ ಹೊಳೀತು: ಆ ಗಿನಿಪಿಗ್‌ಗಳು ಇದ್ದದ್ದು ಡಕ್ಟ್‌ನ ಆಚೆ ತುದಿಯಲ್ಲಿ. ಅಂಕಲ್ ಇದ್ದದ್ದು ನನ್ನ ಸೋಫಾದಲ್ಲಿ.

ಒಂದೇ ಕೋಣೆಯಲ್ಲಿ ಕೂರುವವರಿಗಾಗಿ ವಿಲಿಯಂ ವೆಲ್ಸ್ ಅದಕ್ಕೂ ಮುಂಚೆಯೇ ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳಲ್ಲಿ ತರಗತಿಯೊಳಗೇ, ಮಕ್ಕಳ ತಲೆಗಿಂತ ಮೇಲೆ ದೀಪ ಹಾಕಿಸಿದ್ದರು. 1941ರಲ್ಲಿ ದಡಾರ ಹಬ್ಬಿದಾಗ ಆ ತರಗತಿಗಳಲ್ಲಿ ಕಾಯಿಲೆ ಕಡಿಮೆ ಕಂಡಿತು. ನನ್ನ ದೀಪ ಇರೋದು ಅಟ್ಟದಲ್ಲಿ. ಗಾಳಿ ಅದರ ಮುಂದೆ ಕ್ಷಣಾರ್ಧದಲ್ಲಿ ಹಾದುಹೋಗುತ್ತೆ. ಕ್ರಿಮಿ ಸಾಯೋಕೆ ಬೆಳಕಿನ ತೀವ್ರತೆಯ ಜೊತೆ ಸಮಯವೂ ಬೇಕು. ಹಗಲೂ ರಾತ್ರಿ ಬೆಳಕಿಗೆ ಒಡ್ಡಿಕೊಂಡೇ ಇರೋ ಎಸಿ ಕಾಯಿಲ್ ಮೇಲೆ ಬೂಷ್ಟು ಬೆಳೆಯದ ಹಾಗೆ ನೋಡ್ಕೊಳ್ಳೋದರಲ್ಲಿ ಇಂಥ ದೀಪ ಗಟ್ಟಿ. ಅದೂ ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಬಲ್ಬ್ ಬದಲಾಯಿಸಿದರೆ. ನೀಲಿ ಬೆಳಕು ಕಾಣ್ತಾ ಇದ್ದರೂ ಕ್ರಿಮಿ ಕೊಲ್ಲೋ ಕಿರಣ ಕುಗ್ಗಿರಬಹುದು, ಯಾಕಂದ್ರೆ 254 ನ್ಯಾನೋಮೀಟರಿನ ಆ ಕಿರಣ ಕಣ್ಣಿಗೆ ಕಾಣಲ್ಲ.

ಕೊನೆಗೆ ಥರ್ಮೋಸ್ಟಾಟ್ ನೋಡಿದೆ. ಫ್ಯಾನ್ 'ಆಟೋ'ದಲ್ಲಿತ್ತು. ಅಂದ್ರೆ ತಂಪೋ ಬಿಸಿಯೋ ಬೇಕಾದಾಗ ಮಾತ್ರ ತಿರುಗುತ್ತೆ. ಆ ಸಂಜೆ ಹವೆ ಹಿತವಾಗಿತ್ತು. ನಾವು ಒಬ್ಬಟ್ಟು ತಿಂತಾ ಇದ್ದ ಅಷ್ಟೂ ಹೊತ್ತು ದೀಪ ಬಹುಶಃ ಖಾಲಿ ಡಕ್ಟ್‌ನಲ್ಲಿ ಉರೀತಿತ್ತು.

ಸೋಂಕು ನನ್ನಿಂದಲೇ ಬಂತು ಅನ್ನೋಕೆ ಪುರಾವೆ ಇಲ್ಲ. ಇಪ್ಪತ್ತು ಜನರಲ್ಲಿ ಯಾರಿಂದಲೂ ಬಂದಿರಬಹುದು, ಅಂಗಡಿಯಲ್ಲೂ ಅಂಟಿರಬಹುದು. ಗೆಳೆಯರು ಹೀಗೇ ಸಮಾಧಾನ ಮಾಡಿದರು. ಪುರಾವೆ ಇಲ್ಲದಿದ್ದರೆ ಹೊಣೆಯೂ ಇಲ್ವಾ? ವೈರಸ್ ಯಾರದ್ದು ಅಂತ ಗೊತ್ತಿಲ್ಲ, ಸರಿ. ಆದರೆ ಆ ಮಾತು ನನ್ನದೇ. ಲೈಟ್ ಇಲ್ಲದಿದ್ದರೆ ಬೆಳಿಗ್ಗೆಯೇ ಎಲ್ಲರಿಗೂ ಮೆಸೇಜ್ ಹಾಕ್ತಿದ್ದೆ ಅನ್ಸುತ್ತೆ. 600 ಡಾಲರಿಗೆ ನಾನು ಕೊಂಡಿದ್ದು, ನನಗೇ ಗೊತ್ತಿಲ್ಲದ ಹಾಗೆ, ಆ ಮೆಸೇಜ್ ಹಾಕದೆ ಇರೋಕೆ ಒಂದು ನೆಪ.

ಅಂಕಲ್ ಊರಿಗೆ ಹೊರಡೋ ಮುಂಚೆ ಹೋಗಿ ಹೇಳಿದೆ: "ಅವತ್ತು ನನಗೆ ಜ್ವರ ಇತ್ತು ಅಂಕಲ್. ಹೇಳ್ಬೇಕಿತ್ತು." ಬೈತಾರೆ ಅಥವಾ "ಬಿಡಪ್ಪ" ಅಂತಾರೆ ಅಂದ್ಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿದ್ದಿದ್ರೆ ಮಾಸ್ಕ್ ತೆಗೀತಿರ್ಲಿಲ್ಲ ನೋಡು" ಅಂದರು. ಅಷ್ಟೇ.

ಆಗ ಅರ್ಥವಾಯ್ತು. ಕಾಯಿಲೆ ನಾನು ಕೊಟ್ಟೆನೋ ಇಲ್ಲವೋ, ಅವರ ಪಾಲಿನ ತೀರ್ಮಾನವನ್ನಂತೂ ಕಿತ್ಕೊಂಡಿದ್ದೆ. ಬರೋದಾ ಬೇಡ್ವಾ, ದೂರ ಕೂರೋದಾ, ಮಾಸ್ಕ್ ತೆಗೆಯೋದಾ ಅನ್ನೋದನ್ನ ಅವರೇ ನಿರ್ಧರಿಸಬೇಕಿತ್ತು.

ಲೈಟ್ ತೆಗೆಸಿಲ್ಲ. ಕಾಯಿಲ್ ಚೊಕ್ಕಟವಾಗಿದೆ, ಇರ್ಲಿ. ಈಗ ಯಾರಾದ್ರೂ ಬರೋ ದಿನ ಫ್ಯಾನ್ 'ಆನ್' ಮಾಡ್ತೀನಿ, ಕಿಟಕಿ ತೆಗೀತೀನಿ. ಗಂಟಲು ಕೆರೆದರೆ ಮೆಸೇಜ್ ಹಾಕ್ತೀನಿ. ಹೋದ ತಿಂಗಳು ಹಾಗೆ ಹಾಕಿದಾಗ ಮೂರು ಮನೆಯವರು ಬರಲಿಲ್ಲ. ಮಾಡಿದ ಬಿಸಿಬೇಳೆಬಾತ್ ಎರಡು ದಿನ ನಾವೇ ತಿಂದೆವು.