ಸಂಚಕಾರವೂ ಮಾತಿನ ಋಣವೂ

ಸವದತ್ತಿ ಸೀಮೆಯಲ್ಲಿ ಎರೆಹೊಲವನ್ನು ಕೊಳ್ಳುವವನು ಮೊದಲು ಸಂಚಕಾರ ಕೊಟ್ಟು ಕರಾರುಪತ್ರ ಬರೆಯಿಸಿಕೊಳ್ಳುವನು. ಖರೇದಿಪತ್ರದ ನೋಂದಣಿಯು ಆಮೇಲೆ ಆಗುವದು. ಈ ನಡುವೆ ಮತ್ತೊಬ್ಬನು ಹೆಚ್ಚಿನ ಬೆಲೆ ಹೇಳಿದರೆ, ಮಾರುವವನು ಸಂಚಕಾರವನ್ನು ಹಿಂದಕ್ಕೆ ಕೊಟ್ಟು ಬಿಡುಗಡೆ ಹೊಂದಬಹುದೋ? ಇದನ್ನು ನಾವು ವಿಚಾರಿಸೋಣ.

1882ನೆಯ ಸ್ವತ್ತು ವರ್ಗಾವಣೆಯ ಕಾಯಿದೆಯ 54ನೆಯ ಕಲಮಿನ ಪ್ರಕಾರ ಬರೀ ಕರಾರಿನಿಂದ ಒಡೆತನವು ಕೊಳ್ಳುವವನಿಗೆ ಸೇರುವದಿಲ್ಲ; 100 ರೂಪಾಯಿಗೂ ಮೇಲ್ಪಟ್ಟ ಬೆಲೆಗೂ ನೋಂದಾಯಿಸಿದ ಪತ್ರವೇ ಬೇಕು. ಆದಕಾರಣ ಕೆಲವರು, “ಹೊಲ ಇನ್ನೂ ನನ್ನದೇ” ಅನ್ನುತ್ತಾರೆ. ಹೊಲವು ಅವರದೇ ಸರಿ. ಮಾತು ಅವರದಲ್ಲ, ಅದನ್ನು ಕೊಟ್ಟಾಯಿತು. ಅದನ್ನು ನಂಬಿ ಕೊಳ್ಳುವವನು ತನ್ನ ಎತ್ತುಗಳನ್ನು ಮಾರಿರಬಹುದು. ಕರಾರನ್ನು ನೆರವೇರಿಸೆಂದು ಆಜ್ಞಾಪಿಸುವ ಅಧಿಕಾರವು ನ್ಯಾಯಾಲಯಕ್ಕೆ ಉಂಟು. ಆದರೆ ಆಜ್ಞೆಗೆ ಅಂಜಿ ನಡಿಸಿದ ಮಾತಿಗೆ ಸತ್ಯವೆಂಬ ಹೆಸರು ಹೇಗೆ ಸಲ್ಲುವದು?

ಹಾಗಾದರೆ ನಂಬಿಗಸ್ತರಿಗೆ ಪತ್ರವೇಕೆ? ಯೆರೆಮೀಯನು ಅನಾತೋತಿನ ಹೊಲವನ್ನು 17 ಶೆಕೆಲು ಬೆಳ್ಳಿಗೆ ಸ್ವಂತ ಬಂಧುವಿನಿಂದಲೇ ಕೊಂಡನು. ಆದರೂ ಪತ್ರಕ್ಕೆ ಸಾಕ್ಷಿ ಹಾಕಿಸಿ, ಮುಚ್ಚಿ ಮುದ್ರೆಯೊತ್ತಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಪತ್ರವು ಅವಿಶ್ವಾಸದ ಗುರುತಲ್ಲ. ನಮ್ಮ ಮಕ್ಕಳ ಕಾಲದಲ್ಲಿ ಜಗಳ ಹುಟ್ಟದಂತೆ ಹಾಕುವ ಬೇಲಿ.

ಆದ್ದರಿಂದ ಸಹಿ ಮಾಡುವ, ಇಲ್ಲವೆ ಹೆಬ್ಬೆಟ್ಟು ಒತ್ತುವ ಮುಂಚೆ ಪತ್ರವನ್ನು ಓದಿಸಿ ಕೇಳಿರಿ, ಉತಾರವನ್ನು ನೋಡಿರಿ, ಇಬ್ಬರೂ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಒತ್ತಿದ ಮೇಲೆ ಬೆಲೆಯು ಏರಲಿ, ಇಳಿಯಲಿ, ಕೊಳ್ಳುವವನಾಗಲಿ ಮಾರುವವನಾಗಲಿ ಮಾತಿಗೆ ತಪ್ಪದಿರಲಿ.