ಊದಿಲ್ಲದ ಊದುಬತ್ತಿ

(ಬೀದರಿನ ಚೌಬಾರಾ ಹತ್ತಿರದ ಅತ್ತರಿನ ಅಂಗಡಿ. ಗಲ್ಲೆಯ ಮೇಲೆ ಚಾಚಾ. ಅಷ್ಟೂರಿನ ಉರುಸಿಗೆ ಹೊರಟ ಭಾಲ್ಕಿಯ ನಿವೃತ್ತ ಮಾಸ್ತರು ಲೋಬಾನ ಕೊಳ್ಳಲು ನಿಂತಿದ್ದಾರೆ. ಬಿ.ಎಸ್ಸಿ. ಓದುವ ಔರಾದಿನ ಹುಡುಗಿಗೆ ಬೇಕಾದದ್ದು ಒಂದು ಪುಡಾ ಊದುಬತ್ತಿ.)

ಹುಡುಗಿ: ಚಾಚಾ, ಊದಿ ಹೊತ್ತಿಸ್ತಾರ ಅಂತ ಊದುಬತ್ತಿ ಅಂತಾರೇನು? ಬಾಯಿಲೆ ಊದಿದ್ರ ನಮ್ಮ ಆಯಿ ಬೈತಾಳ, ಎಂಜಲ ಆಗ್ತದ ಅಂತ.

ಚಾಚಾ: ಊದೋದಕ್ಕೂ ಅದಕ್ಕೂ ಸಂಬಂಧ ಇಲ್ಲ ಬೇಟಿ. ಅರಬ್ಬಿಯೊಳಗ ಊದ್ ಅಂದ್ರ ಕಟಗಿ. ಮುಖ್ಯವಾಗಿ ಅಗರು ಕಟಗಿ. ನಿಮ್ಮ ಔರಾದ್ ದಾಟಿದ್ರ ಮರಾಠಿ ಮಂದಿ ಉದಬತ್ತಿ ಅಂತಾರಲ್ಲ, ಅದೂ ಇದೇ.

ಹುಡುಗಿ: ಹಂಗಾದ್ರ ಈ ಪುಡಾದಾಗ ಅಗರು ಅದ ಏನು?

ಚಾಚಾ: ಇಪ್ಪತ್ತು ರೂಪಾಯಿಗಾ? ಬಿದಿರ ಕಡ್ಡಿ, ಇದ್ದಿಲ ಪುಡಿ, ಅಂಟಿಗೆ ಜಿಗಟು, ಮ್ಯಾಲೆ ಸೆಂಟು. ಅಗರು ಮರಕ್ಕ ಬೂಷ್ಟು ಹತ್ತಿ ರೋಗ ಬಿದ್ದಾಗ ಒಳಗ ಕಪ್ಪಗೆ ರಾಳ ಕಟ್ಟತದ. ಬೆಲೆ ಬರೋದು ಆ ಭಾಗಕ್ಕ.

ಮಾಸ್ತರ: ಅಗುರು ಅಂದ್ರ ಭಾರ ಇಲ್ಲದ್ದು ಅಂತ ಸಂಸ್ಕೃತದಾಗ ಅರ್ಥ ಹಚ್ಚತಾರ. ಒಳ್ಳೆ ಅಗರು ಹಾಕಿದ್ರ ನೀರಾಗ ಮುಳುಗತದ! ದ್ರಾವಿಡದ ಅಗಿಲೇ ಅಲ್ಲಿಗೆ ಹೋಗಿ ಅಗುರು ಆಯ್ತು ಅನ್ನೋ ಮಾತೇ ನನಗ ಖರೆ ಅನಸತದ.

ಹುಡುಗಿ: ಲೋಬಾನದ ಹೆಸರಾದ್ರೂ ಖರೆ ಅದ ಏನು?

(ಚಾಚಾ ಒಂದು ಹರಳು ಮುರಿದು ತೋರಿಸುತ್ತಾರೆ. ಹೊರಗೆ ಕಂದು, ಒಳಗೆ ಬಾದಾಮಿ ತಿರುಳಿನಂಥ ಬಿಳಿ ತುಣುಕು.)

ಚಾಚಾ: ಲುಬಾನ್ ಅನ್ನೋದು ಬಿಳುಪಿನ ಮಾತು, ಹಾಲಿಗೆ ಲಬನ್ ಅನ್ನೋದೂ ಅಲ್ಲಿಂದಾನೇ. ಒಮಾನ್, ಸೋಮಾಲಿಯಾ ಕಡೆ ಮರದ ತೊಗಟಿ ಕೆತ್ತಿದ್ರ ಹಾಲಿನಂಗ ಒಸರಿ ಗಟ್ಟಿ ಆಗತದ. ಆದ್ರ ಇದು ಸುಮಾತ್ರಾ ಕಡೆಯ ಬ್ಯಾರೆ ಮರದ್ದು. ಅರಬ್ ವ್ಯಾಪಾರಿಗಳು ಇದಕ್ಕ ಲುಬಾನ್ ಜಾವಿ ಅಂದ್ರು.

ಮಾಸ್ತರ: ಯುರೋಪಿನಾಗ ಅದರ ಮುಂದಿನ ‘ಲು’ ಉದುರಿ ಬೆಂಜಾಯಿನ್ ಆಯ್ತು. ನೀ ಓದೋ ಬೆಂಜೀನ್ ಅದರ ಮೊಮ್ಮಗ.

ಹುಡುಗಿ: ಅಂದ್ರ ಎಲ್ಲಾ ಹೆಸರೂ ಸುಳ್ಳು.

ಮಾಸ್ತರ: ಸುಳ್ಳಲ್ಲವ್ವಾ, ವಾಸನೆ. ಎಳ್ಳಿನಾಗ ಹೂ ಹಾಕಿಟ್ಟು, ಆಮ್ಯಾಲೆ ಹೂ ತೆಗೆದು ಗಾಣಕ್ಕ ಹಾಕಿದ್ರೂ ಎಣ್ಣಿಗೆ ಕಂಪು ಇರತದ. ಹಿಂದಿನ ಕರ್ಮ ಚಿತ್ತದಾಗ ಉಳಿಯೋದಕ್ಕ ಬೌದ್ಧರು ಇದೇ ಉಪಮೆ ಕೊಟ್ಟು ವಾಸನಾ ಅಂದ್ರು. ಗುಗ್ಗುಳ ನೋಡು. ರಾಜಸ್ಥಾನ, ಗುಜರಾತದ ಮುಳ್ಳುಗಿಡದ ಅಂಟು ಅದು. ವೀರಭದ್ರನ ಒಕ್ಕಲಿನ ಮನ್ಯಾಗ ಮದುವಿ ಬಂದ್ರ, ಗಡಿಗಿಯಾಗ ಬೆಂಕಿ ಹೊತ್ತು, ಪುರವಂತರ ಒಡಪಿನ ಜತಿ ಹೊರಡೋ ಮೆರವಣಿಗಿಗೇ ಗುಗ್ಗುಳ ಅಂತಾರ. ಗಿಡ ಯಾರಿಗೆ ನೆನಪದ? ಕಾಡಿನಾಗ ಅದೂ ಅಳಿವಿನ ಅಂಚಿಗೆ ಬಂದದ.

ಹುಡುಗಿ: ಎಳ್ಳಿನ ಮಾತು ಇಲ್ಲಿ ಹೊಂದಂಗಿಲ್ಲ ಸರ್. ಹೂ ಎಳ್ಳನ್ನ ಮುಟ್ಟಿತ್ತು. ಈ ಕಡ್ಡಿ ಅಗರನ್ನ ಎಂದೂ ಮುಟ್ಟಿಲ್ಲ. ಇದಕ್ಕ ಯಾವ ವಾಸನೆ?

(ಮಾಸ್ತರು ಚಷ್ಮಾ ತೆಗೆದು ಒರೆಸುತ್ತಾರೆ. ಉತ್ತರ ಹೊಳೆಯದಿದ್ದಾಗ ಮಾಸ್ತರುಗಳೆಲ್ಲ ಮಾಡುವ ಕೆಲಸ ಅದು.)

ಮಾಸ್ತರ: ಕಡ್ಡಿಗಲ್ಲ, ನಮಗ. 1436ರಾಗ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗುಮ್ಮಟ ಅಷ್ಟೂರಿನಾಗ ಅದ. ಅವರೇ ಅಲ್ಲಮಪ್ರಭು ಅಂತ ನಂಬಿದ ಲಿಂಗಾಯತರು ಭಾಳ ಮಂದಿ. ಉರುಸಿಗೆ ಮಾಡ್ಯಾಳದ ಜಂಗಮರು ನಡಕೊಂಡು ಬರತಾರ. ಸಣ್ಣವನಿದ್ದಾಗಿಂದ ಅಲ್ಲಿ ಹೋದವನು ನಾನು. ಲೋಬಾನ ಯಾವ ಮರದ್ದು ಅಂತ ನನ್ನ ಮೂಗು ಕೇಳಂಗಿಲ್ಲ.

ಹುಡುಗಿ: ನಿಮ್ಮ ಮೂಗು ಮೋಸ ಹೋದ್ರೂ ಹೆಸರಿನ ಮೋಸ ಮೋಸಾನೇ. ಅದಕ್ಕಿಂತ ಇಂಗ್ಲಿಷಿನ ಇನ್ಸೆನ್ಸ್ ವಾಸಿ. ಲ್ಯಾಟಿನ್ನಿನಾಗ ಅದರ ಮೂಲ ಸುಡೋದು ಅಂತ. ಏನು ಸುಟ್ಟರೂ ಹೆಸರು ತಪ್ಪಂಗಿಲ್ಲ.

ಚಾಚಾ: ಹಂಗಂದ್ರ ಟೈರ್ ಸುಟ್ಟರೂ ದೇವರ ಮುಂದ ಇಡಬೇಕಾಗತದ!

ಹುಡುಗಿ: ನೀವೇ ಹೇಳ್ರಿ ಮತ್ತ. ಊದಿಲ್ಲದ್ದಕ್ಕ ಊದುಬತ್ತಿ ಅನ್ನೋದು ಸರಿ ಏನು?

ಚಾಚಾ: ಮಂದಿ ಬಾಯಾಗ ಕೂತ ಹೆಸರು, ಇರಲಿ. ಆದ್ರ ‘ಅಸಲಿ ಊದ್’ ಅಂತ ಬರೆದ ಪುಡಾ ಇಪ್ಪತ್ತು ರೂಪಾಯಿಗೆ ಸಿಕ್ಕಿದ್ರ ಅದು ಅಸಲಿ ಅಲ್ಲ. ನನ್ನ ಅಂಗಡಿಯಾಗ ಸಿಕ್ಕರೂ ಅಲ್ಲ.